ಫ್ರಿಜ್ಜಿನ ಬಾಗಿಲು

ಭಾವ,

ಊರ ಶಾಲೆಯಲ್ಲಿ ವಿಜ್ಞಾನಕ್ಕೆ ನೂರಕ್ಕೆ ನೂರಹತ್ತು ಅಂಕ ತೆಗೆದವನು ನಾನೊಬ್ಬನೇ. ಆದ್ದರಿಂದಲೇ ನಿಮ್ಮ ಮಗಳ ಹೊಸ ಫ್ಲ್ಯಾಟಿನ ಸೆಕೆಯನ್ನು ಮೊನ್ನೆ ನಾನೇ ವಿಚಾರಿಸಿಕೊಂಡೆ. ಚಳಿಗೆಂದು ಗೋಡೆಯೊಳಗೆಲ್ಲ ಥರ್ಮಾಕೋಲ್ ತುಂಬಿದ ಮನೆ ಅದು. ಒಳಗೆ ಬಂದ ಬಿಸಿ ಹೊರಗೆ ಹೋಗುವುದಿಲ್ಲ. ಅವಳು ಕೆಲಸಕ್ಕೆ ಹೋದ ಮೇಲೆ ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿ, ಫ್ರಿಜ್ಜಿನ ಬಾಗಿಲು ತೆರೆದಿಟ್ಟು, ಎದುರಿಗೆ ಕುರ್ಚಿ ಹಾಕಿಕೊಂಡು ಕೂತೆ.

ಸಂಜೆಯ ಹೊತ್ತಿಗೆ ಮನೆ ಒಲೆಯಾಗಿತ್ತು. ಫ್ರಿಜ್ ಒಮ್ಮೆ ನರಳಿ ನಿಂತುಹೋಯಿತು.

"ಅಲ್ಲ ಮಾವ, ಒಳಗಿನ ಬಿಸೀನ ಅದು ಹಿಂದಿನಿಂದ ರೂಮಿಗೇ ಬಿಡುತ್ತೆ. ಅಪ್ಪ ನಿಮಗೆ ಹೇಳಿರಲಿಲ್ವಾ?" ಎಂದಳು ಕೆಲಸದಿಂದ ಬಂದ ನಿಮ್ಮ ಮಗಳು.

ಹೇಳಿದ್ದಿರಿ. ಸತ್ತ ಮೇಲೂ ನಿಮ್ಮ ಮಾತೇ ಗೆಲ್ಲಬೇಕೇ? ಫ್ರಿಜ್ ರಿಪೇರಿಯಲ್ಲೇ ತಲೆ ನರೆತವರು ನೀವು. ಆದರೂ ನೀವು ಅದನ್ನು ಹೇಳಿದ ದಿನ "ಎ.ಸಿ. ಮಾರಿ ಕಮಿಷನ್ ಹೊಡೆಯೋ ಆಟ ಇದು" ಎಂದು ನೆಂಟರೆದುರು ನಿಮ್ಮ ಮುಖಕ್ಕೇ ಹೇಳಿದ್ದೆ. ಆಮೇಲೆ ನೀವು ನನ್ನ ಮನೆಗೆ ಬರಲಿಲ್ಲ. ನೀವು ಆಸ್ಪತ್ರೆಯಲ್ಲಿದ್ದಾಗ ನಾನೂ ಬರಲಿಲ್ಲ.

ಆ ಫ್ರಿಜ್ ನೀವು ಕೊನೆಯದಾಗಿ ಕೈಯಾರೆ ಸರಿಮಾಡಿ ಮಗಳಿಗೆ ಕೊಟ್ಟದ್ದಂತೆ. ಅವಳು ಬೈಯಲಿಲ್ಲ. ಅದನ್ನು ಸಾಗಿಸುವಾಗ ಬಾಗಿಲನ್ನು ಒಮ್ಮೆ ಸವರಿದಳು.

ಹೊಸದನ್ನು ತಂದುಕೊಟ್ಟೆ. ಅಂಗಡಿಯವನು ನನ್ನ ಮುಖ ನೋಡಿ ಎಂಟು ಸಾವಿರಕ್ಕೆ ಕೊಟ್ಟ ಎಂದು ಎಲ್ಲರಿಗೂ ಹೇಳಿದ್ದೇನೆ. ನಿಮಗೆ ಸುಳ್ಳು ಹೇಳಿ ಏನು ಮಾಡಲಿ? ಮೂವತ್ತೊಂದು ಸಾವಿರದ ಆರುನೂರು.