ನಿಂಬೆಹಣ್ಣು ನಾನೇ ಒಯ್ದಿದ್ದೇನೆ

ಅಶ್ವಿತಕ್ಕಾ,

ಫ್ರಿಜ್ಜಲ್ಲಿ ನಿಂಬೆಹಣ್ಣು ಹುಡುಕಬೇಡ, ನಾಲ್ಕನ್ನೂ ಒಯ್ದಿದ್ದೇನೆ. ಸಾರಿಗೆ ಹುಣಸೆಹುಳಿ ಹಾಕು. ಎರಿನ್ ಮಿಲ್ಸಿನ ಅಂಗಡಿಗೆ ಹೋದರೆ ಹೊಸದು ತಾ. ಡ್ರೈಯರಿನಲ್ಲಿರುವ ನನ್ನ ಬಟ್ಟೆಯನ್ನು ಬೈಯದೆ ತೆಗೆದಿಡು.

ನಿನ್ನೆ ಡ್ರೈವಿಂಗ್ ಸ್ಕೂಲಿನ ಯಾರ್ಡಿನಲ್ಲಿ ಟ್ರಕ್ಕಿಗೆ ಎರಡು ಟ್ರೈಲರ್ ಜೋಡಿಸಿದವನು, ಸುತ್ತು ಬಂದು ನೋಡುವುದನ್ನು ಬಿಟ್ಟು, ನಮ್ಮ ಟ್ರೈನರ್ ಗುರ್ಮೀತ್ ಪಾಜಿಯ ದನಿಯಲ್ಲಿ "ಓಯ್ ಪ್ರಖ್ಯಾತ್, ಪೀಛೇ ದೇಖ್!" ಎಂದು ಕೂಗಿ ಎಲ್ಲರನ್ನೂ ನಗಿಸುತ್ತಿದ್ದೆ. ಹಿಂದೆ ಮಾತ್ರ ನೋಡಿರಲಿಲ್ಲ. ಆಮೇಲೆ ನೀನು ಒತ್ತಾಯಿಸಿ ಕೊಟ್ಟಿದ್ದ ನಿಂಬೆಹಣ್ಣನ್ನು ಯಾರಿಗೂ ಕಾಣದಂತೆ ಕೊನೆಯ ಚಕ್ರದಡಿ ಇಡಲು ಹೋದೆ. ಆಗ ಕಂಡಿತು: ಹಿಂದಿನ ಟ್ರೈಲರಿಗೆ ಬ್ರೇಕ್ ಹಿಡಿಸುವ ಗಾಳಿ ಬಿಡುವ ವಾಲ್ವ್ ಮುಚ್ಚಿಯೇ ಇತ್ತು. ಹಾಗೆಯೇ ಹೊರಟಿದ್ದರೆ ಅದಕ್ಕೆ ಬ್ರೇಕೇ ಇರುತ್ತಿರಲಿಲ್ಲ ಮಾರಾಯ್ತಿ, ನನ್ನ ಬಾಯಿಯ ಹಾಗೆ.

"ಎಂಜಿನಿಯರಿಂಗ್ ಓದಿದವನಿಗೆ ನಿಂಬೆಹಣ್ಣು ಎಂತಕ್ಕೆ?" ಎಂದು ನಿನ್ನನ್ನು ಅಣಕಿಸಿದವನು ನಾನೇ. ಭಾವನಿಗೆ ಹೇಳಬೇಡ, ವರ್ಷವಿಡೀ ನನ್ನದೇ ಮಿಮಿಕ್ರಿ ಮಾಡುತ್ತಾರೆ.

ಇವತ್ತು ಲೈಸೆನ್ಸ್ ಟೆಸ್ಟು. ಒಂದೊಂದು ಮೂಲೆಗೆ ಒಂದೊಂದು ಹಣ್ಣು ಇಡುವ ನೆಪದಲ್ಲಾದರೂ ಗಾಡಿಗೆ ಪೂರ್ತಿ ಸುತ್ತು ಬರುತ್ತೇನೆ.

ಹೆಸರಿಗೆ ಮಾತ್ರ,
ಪ್ರಖ್ಯಾತ್