ಜಪಾನಿ ಕಲ್ಲಿಗೆ ಕಾರ್ಕಳದ ಹೆಗಲು

ಬರ್ಬ್ಯಾಂಕ್, ಭಾನುವಾರ

ವಾಸಣ್ಣನಿಗೆ ಮೋಹನದಾಸನ ನಮಸ್ಕಾರ.

ನಿನ್ನೆ ಮೊಮ್ಮಗಳು ತನ್ಮಯಿ ನನ್ನನ್ನು ಲಾಸ್ ಏಂಜಲೀಸಿನ ಒಂದು ಪಾರ್ಕಿಗೆ ಕರೆದುಕೊಂಡು ಹೋದಳು. ಅಲ್ಲಿ ಜಪಾನಿನಿಂದ ಬಂದ ಹಳೆಯ ಕಲ್ಲಿನ ಗೋಪುರವಿದೆ. ಆಳೆತ್ತರಕ್ಕಿಂತ ತುಸು ಹೆಚ್ಚು, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು. ನಾವು ಕಲ್ಲು ಕೆತ್ತಿಯೇ ಬದುಕಿದವರಲ್ಲವೇ, ನನ್ನ ಕಣ್ಣು ನೇರ ಸಂದಿಗೇ ಹೋಯಿತು. ಅಲ್ಲಿಂದ ಹೊಸ ಕಲ್ಲುಪುಡಿ ಉದುರುತ್ತಿತ್ತು. ಬುಡದಲ್ಲಿ ಇಬ್ಬರು ಪುಟ್ಟ ಮಕ್ಕಳು ಕೂತು ಐಸ್‌ಕ್ರೀಮ್ ತಿನ್ನುತ್ತಿದ್ದರು. ನೋಡನೋಡುತ್ತಿದ್ದಂತೆ ಮೇಲಿನ ಕಲ್ಲು ಅವರತ್ತ ವಾಲಿತು. ಓಡಿಹೋಗಿ ಹೆಗಲು ಕೊಟ್ಟು ಎರಡೂ ಕೈಯಲ್ಲಿ ಹಿಡಿದೆ.

ನನ್ನನ್ನು ಗೋಪುರ ಕೆಡವಲು ಬಂದ ಮುದುಕನೆಂದುಕೊಂಡ ಅಲ್ಲಿನ ಕಾವಲುಗಾರ "ಹ್ಯಾಂಡ್ಸ್ ಆಫ್!" ಎಂದು ಕೂಗುತ್ತ ನನ್ನ ತೋಳು ಹಿಡಿದೆಳೆದ.

"ಕೈ ಬಿಟ್ರೆ ಬೀಳ್ತದೆ ಅಂತ ಹೇಳು ಮಗಾ! ಮೊದಲು ಮಕ್ಕಳನ್ನು ಎಳಿ!" ಎಂದು ತನ್ಮಯಿಗೆ ಕಿರುಚಿದೆ.

ತನ್ಮಯಿ ಮಕ್ಕಳನ್ನು ಆಚೆಗೆಳೆದು, ಅವನಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಅವನು ನಂಬದೆ ಕಲ್ಲಿಗೆ ಕೈಯಿಟ್ಟ. ಅದು ಕರಕರನೆ ಅಲುಗಿತು. ಅವನು ಕೂಡಲೇ ನನ್ನ ತೋಳು ಬಿಟ್ಟ. ತಾನೂ ಪಕ್ಕದಲ್ಲಿ ಹೆಗಲು ಕೊಟ್ಟು ನಿಂತ. ನಾಲ್ಕು ಜನ ಓಡಿಬಂದು ಕಲ್ಲನ್ನು ಹುಲ್ಲಿನ ಮೇಲೆ ಇಳಿಸಿದರು.

ನನ್ನ ಭುಜ ಊದಿದೆ, ಮೂಳೆ ಸರಿಯಿದೆಯೆಂದು ಡಾಕ್ಟರ್ ಹೇಳಿದ್ದಾರೆ. ಅಲ್ಲಿ ನನ್ನ ಹೆಂಡತಿ ಸುಗಂಧಿಗೆ ಹೇಳಬೇಡಿ, ಮುಂದಿನ ವಿಮಾನಕ್ಕೇ ಹೊರಟಾಳು.

ಕಲ್ಲು ನೆಲ ಮುಟ್ಟಿದರೂ ನನ್ನ ಕೈ ಅದನ್ನು ಬಿಡಲೊಲ್ಲದಾಗಿತ್ತು, ಅಣ್ಣ. ಆ ಕಾವಲುಗಾರನೇ ಮಂಡಿಯೂರಿ ಕೂತು, ಒಂದೊಂದಾಗಿ ಬೆರಳು ಬಿಡಿಸಿದ.

ಕಾಗದದಲ್ಲಿ ಜಾಗ ಮುಗಿಯಿತು.

ನಿಮ್ಮ ಮೋಹನ