ಸೋನಿಯಾ ಕೇಳಿದ ಪ್ರಶ್ನೆ

ಕಾಪು
ತಾ. 9-2-2025, ಆದಿತ್ಯವಾರ

ಪ್ರೀತಿಯ ತಮ್ಮ ಪ್ರಖ್ಯಾತನಿಗೆ ನಿನ್ನ ಅಕ್ಕ ಬರೆಯುವುದು.

ಹೇಗಿದ್ದೀಯ ಮಗಾ? ಕಳೆದ ಸಲ ಭೇಟಿಗೆ ಬಂದಾಗ ಅಷ್ಟು ಜನರ ಗಲಾಟೆಯಲ್ಲೂ ಜಾಲರಿಯ ಆಚೆಯಿಂದ ನಿನ್ನ ಕೆಮ್ಮು ಕೇಳುತ್ತಿತ್ತು. ಡಾಕ್ಟರಿಗೆ ತೋರಿಸಿದೆಯಾ? ಕೇಳಿದರೆ ಬಿಸಿನೀರು ಕೊಡುತ್ತಾರೆ ಎಂದು ಪಕ್ಕದ ಮನೆಯ ಭೋಜಣ್ಣ ಹೇಳಿದರು, ನಾಚಿಕೆ ಬಿಟ್ಟು ಕೇಳು. ನೀನು ಚಿಕ್ಕವನಿದ್ದಾಗ ಚಳಿ ಶುರುವಾದರೆ ಸಾಕು, ಕೆಮ್ಮುತ್ತಿದ್ದೆ. ಅಮ್ಮ ರಾತ್ರಿ ಎಣ್ಣೆ ಬಿಸಿ ಮಾಡಿ ನಿನ್ನ ಎದೆಗೆ ಹಚ್ಚುತ್ತಿದ್ದದ್ದು ನೆನಪಾಯಿತು. ನಿನಗಾಗಿ ಕಳಿಸಿದ ಸ್ವೆಟರ್ ಕೈಗೆ ಸಿಕ್ಕಿತೋ ಇಲ್ಲವೋ ತಿಳಿಸು.

ಅಮ್ಮನ ಆರೋಗ್ಯ ಪರವಾಗಿಲ್ಲ. ಮೊದಲಿನ ಹಾಗೆಯೇ ಮಲ್ಲಿಗೆ ಕೊಯ್ಯುತ್ತಾಳೆ, ಕಟ್ಟುತ್ತಾಳೆ. ಆದರೆ ಹೂ ಕೊಡಲಿಕ್ಕೆ ಅಂಗಡಿಗೆ ತಾನು ಹೋಗುವುದಿಲ್ಲ, ಭೋಜಣ್ಣ ತೆಗೆದುಕೊಂಡು ಹೋಗುತ್ತಾರೆ. ಯಾರಾದರೂ ನಿನ್ನ ವಿಷಯ ಎತ್ತಿದರೆ, “ನನ್ನ ಮಗ ಒಂದು ಇರುವೆಗೂ ಹೊಡೆದವನಲ್ಲ” ಎನ್ನುತ್ತಾಳೆ. ಅದು ನಿಜವೂ ಹೌದು. ನೀನು ಯಾರಿಗೂ ಕೈ ಎತ್ತಿದವನಲ್ಲ. ಈ ಪತ್ರವನ್ನು ಅಲ್ಲಿಯವರು ಓದಿದ ಮೇಲೆಯೇ ನಿನಗೆ ಕೊಡುತ್ತಾರಂತೆ. ಓದಲಿ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ನಿನಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ, ಬೇಸರ ಮಾಡಬೇಡ. ಒಂದು ಸಲ ಅದನ್ನೆಲ್ಲ ಕಾಗದದ ಮೇಲೆ ನೋಡಬೇಕು ಅನ್ನಿಸಿದೆ. ಅಂದು ಡಿಸೆಂಬರ್ ಎಂಟು, ಆದಿತ್ಯವಾರ. ಬಹರೈನ್‌ನ ಹೋಟೆಲೊಂದರಲ್ಲಿ ಇಪ್ಪತ್ತಾರು ವರ್ಷ ಅಡುಗೆ ಮಾಡಿ ಊರಿಗೆ ಮರಳಿದ್ದ ಕಾರ್ಕಳದ ಫೌಸ್ಟಿನ್ ಎಂಬವರು ಗುಳ್ಳ ಬದನೆ ತರಲೆಂದು ಸ್ಕೂಟರಿನಲ್ಲಿ ಮಟ್ಟುವಿಗೆ ಬಂದರು. ದಾರಿ ಕೇಳಲು ನಿಂತಲ್ಲಿ ಮನೆಯ ಮುಂದೆ ಆಡುತ್ತಿದ್ದ ಹುಡುಗಿಗೆ ಒಂದು ಚಾಕಲೇಟ್ ಕೊಟ್ಟರು. ಯಾರೋ ದೂರದಿಂದ ಅದನ್ನು ವಿಡಿಯೋ ಮಾಡಿ ನಿನ್ನ ಪೇಜಿಗೆ ಕಳಿಸಿದರು. ನಲುವತ್ತು ಸಾವಿರ ಜನ ನೋಡುವ ಪೇಜ್. ಮಕ್ಕಳ ಕಳ್ಳ, ಬೂದು ಬಣ್ಣದ ಸ್ಕೂಟರ್, ಕಂಡಲ್ಲಿ ಹಿಡಿಯಿರಿ ಎಂದು ಅದು ಪೇಜಿನಲ್ಲಿ ಬಂದು ಒಂದು ಗಂಟೆ ಆಗಿರಲಿಲ್ಲ, ಪಡುಬಿದ್ರಿಯಲ್ಲಿ ಕಾರ್ಕಳದ ರಸ್ತೆಗೆ ತಿರುಗುವ ಕಡೆ ಹತ್ತು ಹದಿನೈದು ಜನ ಅವರನ್ನು ಅಡ್ಡಗಟ್ಟಿದರು. ಅವರು ಗಾಬರಿಯಲ್ಲಿ ಕೊಂಕಣಿ, ಹಿಂದಿ ಎಲ್ಲ ಬೆರೆಸಿ ಮಾತಾಡಿದ್ದೇ ಹೊಡೆಯುವವರಿಗೆ ಸಾಕ್ಷಿಯಾಯಿತು. ಮರುದಿನ ನೀನು ಪೇಜನ್ನು ಅಳಿಸಿದೆ. ಫೋನನ್ನು ಎಂತ ಮಾಡಿದೆಯೋ ನಾನು ಕೇಳಲಿಲ್ಲ, ಪೊಲೀಸರಿಗೆ ಅದು ಈವರೆಗೂ ಸಿಕ್ಕಿಲ್ಲ.

ನಿನ್ನನ್ನು ಹಿಡಿದುಕೊಂಡು ಹೋದ ಮೇಲೆ ಇಲ್ಲಿ ನಡೆದದ್ದು ನಿನಗೆ ಗೊತ್ತಿಲ್ಲ. ಹೊಡೆಯುವ ವಿಡಿಯೋ ಎಲ್ಲ ಕಡೆ ತಿರುಗಿತು. ನಾನು ಯಾವ ಖಾತೆ ತೆರೆದರೂ ಮೊದಲು ಅದೇ. ನಾನು ನಿನ್ನ ಅಕ್ಕ ಎಂದು ಗೊತ್ತಾದ ಮೇಲೆ ಬೈದು ಬರೆದವರು ಇದ್ದರು. ಆದರೆ ನನ್ನನ್ನು ಹೆದರಿಸಿದ್ದು ಬೈದವರಲ್ಲ, ಹೊಗಳಿದವರು. “ನಿಮ್ಮ ತಮ್ಮ ಹುಲಿ” ಎಂದು ಬರೆದರು, ಕೈಮುಗಿದ ಚಿತ್ರ ಹಾಕಿದರು. ಒಂದು ವಾರ ತಡೆದೆ, ಮತ್ತೆ ಎಲ್ಲ ಖಾತೆಗಳನ್ನೂ ಮುಚ್ಚಿದೆ. ಮಣಿಪಾಲದ ನಮ್ಮ ಬೈಂಡಿಂಗ್ ಅಂಗಡಿಯಲ್ಲಿ ಪಕ್ಕದ ಕಂಪ್ಯೂಟರಿನಲ್ಲಿ ಕೂರುವ ರೇಚಲ್ ನಿನಗೆ ನೆನಪಿರಬಹುದು, ಒಮ್ಮೆ ನನ್ನ ಟಿಫಿನ್ ತಲುಪಿಸಲು ಬಂದಾಗ ಅವಳನ್ನು ನೋಡಿದ್ದೀ. ನಾನು ಮಧ್ಯಾಹ್ನ ಊಟ ಮಾಡದೆ ಗೋಡೆ ನೋಡುತ್ತಾ ಕೂರುವುದನ್ನು ಕಂಡು ಅವಳೇ ಹೇಳಿದಳು, “ಮಾಸ್ಟೊಡಾನ್ ಅಂತ ಒಂದು ಜಾಲತಾಣ ಉಂಟು ಮಾರಾಯ್ತಿ. ಅಲ್ಲಿ ನಮ್ಮವರು ಯಾರೂ ಇಲ್ಲ. ಅದೇ ಅದರ ಸುಖ.”

ಅದನ್ನು ಶುರು ಮಾಡುವುದೇ ಒಂದು ಕೆಲಸ. ಮೊದಲು ಯಾವ ಸರ್ವರ್ ಎಂದು ಆರಿಸಬೇಕು. ಅದಕ್ಕೆ ಒಬ್ಬ ಯಜಮಾನನಿಲ್ಲ, ಯಾರ್ಯಾರೋ ನಡೆಸುವ ಸಾವಿರಾರು ಬೇರೆ ಬೇರೆ ಮನೆಗಳಿದ್ದ ಹಾಗೆ. ನಾವು ಒಂದು ಮನೆಯಲ್ಲಿದ್ದು ಉಳಿದ ಮನೆಯವರ ಜೊತೆಗೂ ಮಾತಾಡಬಹುದು. ನಾನು ಕನ್ನಡದವರು ಒಂದಿಷ್ಟು ಜನ ಇದ್ದ ಸರ್ವರ್ ಹಿಡಿದೆ. ಯಾಕೆ ಬರಬೇಕೆಂದಿದ್ದೀರಿ ಎಂದು ಅದನ್ನು ನಡೆಸುವವರು ಕೇಳಿದರು, “ಸುಮ್ಮನೆ ಇರಲಿಕ್ಕೆ” ಎಂದು ಬರೆದೆ. ಎರಡು ದಿನ ಬಿಟ್ಟು ಒಪ್ಪಿಗೆ ಬಂತು. ಒಳಗೆ ಹೋದರೆ ಏನೂ ಇಲ್ಲ, ಖಾಲಿ. ಅದು ತಾನಾಗಿ ಏನನ್ನೂ ತಂದು ನಮ್ಮ ಎದುರಿಗೆ ಸುರಿಯುವುದಿಲ್ಲ, ನಾವೇ ಹುಡುಕಿಕೊಂಡು ಹೋಗಬೇಕು. ಮೊದಲ ದಿನ ಆ ಖಾಲಿ ಪರದೆಯನ್ನು ನೋಡಿ ನನಗೆ ಅಳು ಬಂತು, ದುಃಖದಿಂದಲ್ಲ. ನನ್ನ ಹೆಸರು ಹಾಕಲಿಲ್ಲ, “ಬೈಂಡಿಂಗ್ ಅಕ್ಕ” ಎಂದು ಇಟ್ಟುಕೊಂಡೆ. ಉಡುಪಿ ಎಂದು ಹುಡುಕಿದರೆ ಸಿಕ್ಕವರು ಹನ್ನೊಂದೇ ಜನ. ಹೊಲಿದು ಗೋಂದು ಹಚ್ಚಿಟ್ಟ ಪುಸ್ತಕಗಳ ಒಂದು ಫೋಟೋ ಹಾಕಿದೆ. ನಾಲ್ಕು ಗಂಟೆ ಯಾರೂ ಮಾತಾಡಲಿಲ್ಲ. ಸಂಜೆ ಬಸ್ಸಿನಲ್ಲಿ ನೋಡುವಾಗ ಒಬ್ಬಳು ಬರೆದಿದ್ದಳು: “ಫೋಟೋದಲ್ಲಿ ಎಂತ ಉಂಟು ಅಂತ ಕೆಳಗೆ ನಾಲ್ಕು ಮಾತು ಬರೆಯಿರಿ. ಕಣ್ಣು ಕಾಣದವರೂ ಇಲ್ಲಿ ಇದ್ದಾರೆ, ಅವರಿಗೂ ಗೊತ್ತಾಗಬೇಕಲ್ವಾ.”

ಅವಳು ಸೋನಿಯಾ. ಕಾರ್ಕಳದವಳು, ಶಾಲೆಯಲ್ಲಿ ಟೀಚರ್. ಅವಳು ಸಹ ಅಲ್ಲಿಗೆ ಬಂದು ಹತ್ತು ದಿನ ಆಗಿತ್ತಷ್ಟೆ. ಯಾರನ್ನು ಹಿಂಬಾಲಿಸಬೇಕು, ಬೇಡದ್ದನ್ನು ಹೇಗೆ ಮರೆಮಾಡಬೇಕು ಎಂದು ಕಲಿಸಿದಳು. ನೋವಿನ ವಿಷಯ ಬರೆಯುವುದಾದರೆ ಮೇಲೆ ಒಂದು ಎಚ್ಚರಿಕೆಯ ಸಾಲು ಹಾಕಬೇಕು, ಓದುವ ಧೈರ್ಯ ಇದ್ದವರು ಮಾತ್ರ ಒತ್ತಿ ತೆರೆಯುತ್ತಾರೆ. ಅವಳ ಬರಹಗಳೆಲ್ಲ ಹಾಗೆಯೇ, ಮೇಲೆ “ಆಸ್ಪತ್ರೆ, ಪಪ್ಪ” ಎಂದು ಇರುತ್ತಿತ್ತು. ನಾನು ತೆರೆದು ಓದುತ್ತಿದ್ದೆ. ಪಪ್ಪ ಇವತ್ತು ಚಮಚ ಹಿಡಿದರು. ಪಪ್ಪನಿಗೆ ಉಳಿದಿರುವುದು ಒಂದೇ ಶಬ್ದ, ಉದಾಕ್, ನೀರು ಎಂದು. ಹಸಿವಾದರೂ ಉದಾಕ್, ನೋವಾದರೂ ಉದಾಕ್, ಅಮ್ಮನನ್ನು ಕರೆಯುವುದೂ ಉದಾಕ್. ನಾನು ಅಪಘಾತ ಇರಬೇಕು ಎಂದುಕೊಂಡು ಸಮಾಧಾನ ಬರೆಯುತ್ತಿದ್ದೆ. “ನೀವು ಇದ್ದೀರಿ ಅಂತ ಧೈರ್ಯ” ಎಂದು ಅವಳು ಬರೆದಳು, ಮುಖ ನೋಡದ ನನಗೆ. ಜನವರಿ ಹದಿನಾರರಂದು, ಪಪ್ಪನಿಗೆ ಯಾಕೆ ಹೀಗಾಯಿತು ಎಂದು ಯಾರೋ ಕೇಳಿದ್ದಕ್ಕೆ ಅವಳು ಎಲ್ಲ ಬರೆದಳು. ಮಟ್ಟು, ಗುಳ್ಳ, ಚಾಕಲೇಟು, ಪಡುಬಿದ್ರಿ. ಹಳೆಯ ಜಾಲಗಳಲ್ಲಿ ಪಪ್ಪನನ್ನು ಹೊಡೆಯುವುದನ್ನು ದಿನಾ ನೋಡಲಾಗದೆ ಇಲ್ಲಿಗೆ ಓಡಿ ಬಂದೆ ಎಂದೂ ಬರೆದಳು. ನಾನು ಅಂಗಡಿಯಲ್ಲಿದ್ದೆ. ಎದುರಿಗಿದ್ದ ಕಾಗದದ ಕಟ್ಟನ್ನು ಯಂತ್ರಕ್ಕೆ ತಲೆಕೆಳಗಾಗಿ ಕೊಟ್ಟು ಯಾರದೋ ಪ್ರಬಂಧ ಹಾಳು ಮಾಡಿದೆ.

ಓಡಿದ್ದು ಇಬ್ಬರೂ ಒಂದೇ ವಿಡಿಯೋದಿಂದ, ಹೋಗಲು ಇದ್ದದ್ದು ಒಂದೇ ಜಾಗ. ಆಗಲೇ ಅವಳಿಗೆ ಹೇಳಬೇಕಿತ್ತು. ಹೇಳಲಿಲ್ಲ. ಅವರಿದ್ದ ಆಸ್ಪತ್ರೆ ನಮ್ಮ ಅಂಗಡಿಯಿಂದ ನಡೆದು ಹೋಗುವಷ್ಟೇ ದೂರ. ಮೂರು ದಿನ ಬಿಟ್ಟು ಮಧ್ಯಾಹ್ನದ ಬಿಡುವಿನಲ್ಲಿ ಹೋದೆ. ಬಾಗಿಲ ಸಂದಿಯಿಂದ ಫೌಸ್ಟಿನ್ ಕಂಡರು. ತಲೆಯ ಒಂದು ಬದಿ ಒಳಗೆ ಹೋಗಿದೆ, ಬಲಗೈ ಹೊದಿಕೆಯ ಮೇಲೆ ಯಾರೋ ಮರೆತು ಇಟ್ಟ ಹಾಗೆ ಇತ್ತು. ಒಳಗಿಂದ ಸೋನಿಯಾ ಬಂದು, “ಯಾರು ಬೇಕಿತ್ತು?” ಎಂದು ಕೇಳಿದಳು. ವಾರ್ಡ್ ತಪ್ಪಿತು ಎಂದು ಹೇಳಿ ಮೆಟ್ಟಿಲು ಇಳಿದೆ.

ಅದೇ ವಾರ, ನಿನ್ನ ಜೊತೆ ಪೇಜ್ ನಡೆಸುತ್ತಿದ್ದ ರೂಪೇಶ್ ನಮ್ಮ ಮನೆಗೆ ಬಂದ. ಅಂಗಳದಲ್ಲೇ ನಿಂತ, ಒಳಗೆ ಬಾ ಎಂದರೂ ಬರಲಿಲ್ಲ. ಅವನು ಇಳಿದುಹೋಗಿದ್ದಾನೆ. ಪೊಲೀಸರು ಮೂರು ಸಲ ಕರೆಸಿದ್ದಾರೆ. ಪೇಜಿನ ಪಾಸ್‌ವರ್ಡ್ ಇಬ್ಬರ ಹತ್ತಿರವೂ ಇತ್ತು, ಆ ವಿಡಿಯೋ ಹಾಕಿದ್ದು ರೂಪೇಶ್ ಎಂದು ನೀನು ಹೇಳಿಕೆ ಕೊಟ್ಟದ್ದು ಅವನಿಗೆ ಗೊತ್ತಾಗಿದೆ. ಅವನು ಬೈಯಲಿಲ್ಲ ಪ್ರಖ್ಯಾತ್. “ಅಕ್ಕಾ, ಅವತ್ತು ನಾನು ಮೂಡುಬಿದಿರೆಯಲ್ಲಿ ಮದುವೆಗೆ ಬಡಿಸ್ಲಿಕ್ಕೆ ನಿಂತಿದ್ದೆ. ಫೋನ್ ಕೈಯಲ್ಲೇ ಇರಲಿಲ್ಲ. ನಿಮಗೆ ಗೊತ್ತುಂಟಲ್ವಾ?” ಎಂದು ಕೇಳಿದ. ಅಮ್ಮ ಒಳಗಿನಿಂದ ಕೇಳುತ್ತಿದ್ದಳು. ನಾನು “ನೋಡುವ” ಎಂದೆ. ನಮ್ಮ ಮನೆಯಲ್ಲಿ ನಿನ್ನ ಜೊತೆ ಒಂದೇ ಬಟ್ಟಲಲ್ಲಿ ಉಂಡು ಬೆಳೆದ ಹುಡುಗನಿಗೆ ಅಷ್ಟೇ ಹೇಳಿದೆ. ನಿನ್ನ ವಕೀಲರಿಗೆ ಫೋನ್ ಮಾಡಿದರೆ, “ನೀವು ಸುಮ್ಮನಿದ್ದರೆ ಸಾಕು” ಎಂದರು.

ಜನವರಿ ಇಪ್ಪತ್ತೇಳಕ್ಕೆ ಸೋನಿಯಾಳಿಗೆ ಬರೆದೆ, ನಾನು ಪ್ರಖ್ಯಾತನ ಅಕ್ಕ ತೃಷಾ ಎಂದು. ಮೂರು ದಿನ ಉತ್ತರವಿಲ್ಲ. ನನ್ನನ್ನು ತೆಗೆದುಹಾಕಿಯೂ ಇರಲಿಲ್ಲ. ಮೂವತ್ತನೇ ತಾರೀಕು ಬಂತು, ಕ್ಷಮೆಯೂ ಇಲ್ಲ, ಬೈಗುಳವೂ ಇಲ್ಲ, ಒಂದು ಪ್ರಶ್ನೆ: “ಹಾಕಿದ್ದು ನಿಮ್ಮ ತಮ್ಮನಾ, ರೂಪೇಶನಾ? ಪಪ್ಪನಿಗೆ ಇನ್ನು ಗೊತ್ತಾಗ್ಲಿಕ್ಕಿಲ್ಲ. ನನಗೆ ಗೊತ್ತಾಗಬೇಕು.” ನಾನು ಉತ್ತರ ಟೈಪ್ ಮಾಡಿದೆ, ಅಳಿಸಿದೆ. ಹೀಗೆ ಎಷ್ಟು ಸಲ ಎಂದು ಕೇಳಬೇಡ.

ಫೆಬ್ರವರಿ ನಾಲ್ಕಕ್ಕೆ ಅವರು ತೀರಿಹೋದರು. ನಿನಗೆ ಅಲ್ಲಿ ಯಾರಾದರೂ ಹೇಳಿರಬಹುದು, ವಕೀಲರು ಹೇಳದೆಯೂ ಇರಬಹುದು. ಪತ್ರಿಕೆಯಲ್ಲಿ ಬರುವ ಮೊದಲೇ ನಾನು ಓದಿದೆ. ಅವಳು ಅವತ್ತು ಎಚ್ಚರಿಕೆಯ ಸಾಲು ಹಾಕಿರಲಿಲ್ಲ. “ಪಪ್ಪ ಇಲ್ಲ” ಎಂದು ಎರಡೇ ಶಬ್ದ.

ಮಣ್ಣು ಕೊಟ್ಟ ಮರುದಿನ, ಮೊನ್ನೆ ಶುಕ್ರವಾರ, ಅರ್ಧ ದಿನ ರಜೆ ಹಾಕಿ ಕಾರ್ಕಳಕ್ಕೆ ಹೋದೆ. ಬಸ್ ನಿಲ್ದಾಣದಲ್ಲಿ ವಿಚಾರಿಸಿದರೆ ಎಲ್ಲರಿಗೂ ಆ ಮನೆ ಗೊತ್ತಿತ್ತು. ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದೆ. ಅವರ ಹೆಂಡತಿ ಜೆರ್ಟ್ರೂಡ್‌ಬಾಯಿ ಕಂಡು ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ಮಗಳ ಗೆಳತಿ ಎಂದುಕೊಂಡರು. ಕಾಫಿ ಕೊಟ್ಟರು, ಕುಡಿಯಲೇಬೇಕಾಯಿತು. “ಅವರಿಗೆ ಮಕ್ಕಳೆಂದರೆ ಜೀವ” ಎಂದು ಹೇಳಿದರು. “ಅಲ್ಲಿ ಇಪ್ಪತ್ತಾರು ವರ್ಷ ಇದ್ದರಲ್ಲ, ನಮ್ಮ ಸೋನಿಯಾ ಬೆಳೆಯುವುದನ್ನು ನೋಡ್ಲಿಕ್ಕೆ ಆಗ್ಲಿಲ್ಲ. ಬಂದ ಮೇಲೆ ಕಿಸೆಯಲ್ಲಿ ಯಾವಾಗಲೂ ಚಾಕಲೇಟು, ಯಾವ ಮಗು ಸಿಕ್ಕಿದರೂ ಕೊಡುವುದು.” ಸೋನಿಯಾ ಎದುರಿನ ಕುರ್ಚಿಯಲ್ಲಿ ಕೂತಿದ್ದಳು. ಆಸ್ಪತ್ರೆಯ ಬಾಗಿಲಲ್ಲಿ ಕಂಡವಳು ನಾನೇ ಎಂದು ಅವಳಿಗೆ ನೋಡಿದ ಕೂಡಲೇ ಗೊತ್ತಾಗಿತ್ತು, ಬೈಂಡಿಂಗ್ ಅಕ್ಕನೂ ನಾನೇ ಎಂಬುದು ಆಗಲೇ ಗೊತ್ತಾಯಿತು. ತಾಯಿಗೆ ಅವಳು ಹೇಳಲಿಲ್ಲ. ನಾನು ಹೊರಟಾಗ ಗೇಟಿನವರೆಗೆ ಬಂದಳು. ಕಬ್ಬಿಣದ ಚಿಲಕ ಹಾಕುತ್ತಾ, “ಕೇಳಿ ಎಂಟು ದಿನ ಆಯ್ತು” ಎಂದಳು. ಅಷ್ಟೇ. ಸ್ವರ ಏರಿಸಲಿಲ್ಲ.

ಬಸ್ಸಿನಲ್ಲಿ ಬೆಳ್ಮಣ್‌ವರೆಗೆ ಅಳುತ್ತಾ ಬಂದೆ. ಪಡುಬಿದ್ರಿಯಲ್ಲಿ ಬಸ್ಸು ಆ ತಿರುವಿನಲ್ಲೇ ನಿಂತಿತು, ಜನ ಇಳಿದರು, ಹತ್ತಿದರು. ಎಳನೀರು ಮಾರುವವನು ಮಾರುತ್ತಿದ್ದ. ಅಲ್ಲಿ ಏನೂ ಆಗದ ಹಾಗೆ ಇತ್ತು.

ನೀನು ಕೆಟ್ಟವನಲ್ಲ ಪ್ರಖ್ಯಾತ್. ಅಪ್ಪ ಹೋದ ಮೇಲೆ ನಿನ್ನನ್ನು ಶಾಲೆಗೆ ಕೈಹಿಡಿದು ಕರೆದುಕೊಂಡು ಹೋದವಳು ನಾನು, ನಿನ್ನ ಗುಣ ನನಗೆ ಗೊತ್ತುಂಟು. ಯಾರೋ ಒಂದು ಮಗು ಕಳೆದುಹೋಗಬಾರದು ಎಂದೇ ಹಾಕಿದ್ದು ಎಂದು ನಂಬುತ್ತೇನೆ. ಜೊತೆಗೆ ಎಷ್ಟು ಜನ ನೋಡುತ್ತಾರೆ ಎಂಬ ಆಸೆಯೂ ಇತ್ತು, ಅದೂ ನನಗೆ ಗೊತ್ತು. ಎರಡೂ ನಿಜ. ನೀನು ಎಷ್ಟು ವರ್ಷ ಒಳಗಿದ್ದರೂ ನಿನಗೆ ಈ ಮನೆ ಉಂಟು. ಭೇಟಿಯ ದಿನ ನಾನು ತಪ್ಪಿಸುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಭೋಜಣ್ಣನೂ ವಿಚಾರಿಸಿದ್ದಾರೆ. ದೇವರು ನಿನ್ನ ಕೈಬಿಡದಿರಲಿ.

ಇತಿ, ನಿನ್ನ ಅಕ್ಕ,
ತೃಷಾ

ವಿ.ಸೂ.: ಅಂಚೆಗೆ ಹಾಕುವ ಮೊದಲು ಇದನ್ನು ಬರೆದೇ ಬಿಡುತ್ತೇನೆ. ಸೋನಿಯಾಳಿಗೆ ಇವತ್ತು ಬೆಳಿಗ್ಗೆ ಉತ್ತರ ಕಳಿಸಿದೆ. ಹಾಕಿದ್ದು ನನ್ನ ತಮ್ಮ, ನಾನು ಪಕ್ಕದಲ್ಲೇ ಇದ್ದೆ ಎಂದು. ಗುರುವಾರ ಹತ್ತು ಗಂಟೆಗೆ ಠಾಣೆಗೆ ಹೋಗಿ ಅದನ್ನೇ ಹೇಳಿಕೆ ಕೊಡುತ್ತೇನೆ. ರೂಪೇಶನಿಗೂ ತಿಳಿಸಿದ್ದೇನೆ. ಸೋನಿಯಾ ಕೇಳದ ಇನ್ನೊಂದು ಮಾತನ್ನೂ ಬರೆದೆ. ಅವತ್ತು ನೀನು ಜಗಲಿಯಲ್ಲಿ ಕೂತು ಹಾಕುವ ಮೊದಲು ನನಗೆ ಓದಿ ಹೇಳಿದ್ದು “ಮಕ್ಕಳ ಕಳ್ಳ ಇರಬಹುದು” ಎಂದು. ನಾನು ಹೂ ಕಟ್ಟುತ್ತಾ ತಲೆ ಎತ್ತದೆ, “ಇರಬಹುದು ಅಂತ ಹಾಕಿದರೆ ಯಾರು ಓದ್ತಾರೆ, ತೆಗಿ ಅದನ್ನು” ಎಂದೆ. ನೀನು ತೆಗೆದೆ. ಪೊಲೀಸರಿಗೆ ಇದನ್ನೂ ಹೇಳುತ್ತೇನೆ. ಅಮ್ಮನನ್ನು ನೋಡಿಕೊಳ್ಳಲು ಭೋಜಣ್ಣನ ಹೆಂಡತಿ ಒಪ್ಪಿದ್ದಾರೆ. ಬುಧವಾರದೊಳಗೆ ಈ ಪತ್ರ ನಿನ್ನ ಕೈಗೆ ಸಿಕ್ಕಿದರೆ, ನನಗಿಂತ ಮೊದಲು ನೀನೇ ಹೇಳು ಮಗಾ.